ಹಮ್ಮಿಗಿ ಬಸ್ಸು ಬಿಡಬೇಕೋ ಬೇಡವೋ

ಫ್ರೆಂಡ್ಸ್, ಓದುವುದು ಬಿಟ್ಟು ಪೋಸ್ಟ್ ಹಾಕುತ್ತಿದ್ದೇನೆ, ಸಾರಿ. ನಾಳೆ ಏರ್‌ಕ್ರಾಫ್ಟ್ ಡಿಸ್ಪ್ಯಾಚರ್ ಕೋರ್ಸಿನ ಆನ್‌ಲೈನ್ ಓರಲ್ ಪರೀಕ್ಷೆ ಇದೆ. ಫೇಲಾದರೆ ಫೈನಲ್‌ಗೆ ಕೂರಿಸುವುದಿಲ್ಲ.

ಇವತ್ತು ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ, ದಾರಿಯ ಹಳ್ಳಕ್ಕೆ ನೀರು ಬಂದಿದೆಯೆಂದು, ಬಸ್ಸುಗಳನ್ನು ಸಹಿ ಹಾಕಿ ಬಿಡುವ ಕಂಟ್ರೋಲರ್ ಕಾಕಾ ನಮ್ಮ ಹಮ್ಮಿಗಿ ಬಸ್ಸನ್ನು ತಡೆದರು. "ಮೊಣಕಾಲ ಮಟ ಅಷ್ಟ ಐತ್ರಿ, ದಾಟಸ್ತೀನಿ," ಎಂದು ಡ್ರೈವರ್ ಇಂಜಿನ್ ಶುರು ಮಾಡಿಯೇಬಿಟ್ಟ.

ಕಾಕಾ ಬಸ್ಸಿನ ಕಿಟಕಿಯಲ್ಲಿ ನನ್ನ ಪುಸ್ತಕ ನೋಡಿ, "ಏನ್ ಓದಾಕತ್ತೀಯವಾ?" ಎಂದರು. ವಿಮಾನ ಹೊರಡಬಹುದೋ ಇಲ್ಲವೋ ಎಂದು ನೆಲದ ಮೇಲೆ ಕುಳಿತು ಲೆಕ್ಕ ಹಾಕಿ ಸಹಿ ಮಾಡುವ ಕೆಲಸ ಎಂದೆ.

"ಅಂದ್ರ ನನ್ನ ಕೆಲಸನ! ಹಂಗಾರ ನೀನ ಹೇಳು, ಬಸ್ ಬಿಡ್ಲೋ ಬ್ಯಾಡೋ?"

ಇಡೀ ಬಸ್ಸು ನನ್ನನ್ನೇ ನೋಡಿತು. ಕ್ಯಾಪ್ಟನ್, ಡಿಸ್ಪ್ಯಾಚರ್ ಇಬ್ಬರೂ ಒಪ್ಪಿದರೆ ಮಾತ್ರ ವಿಮಾನ ಹೊರಡಬೇಕು ಎಂಬ ಸಾಲನ್ನು ಮೂರು ಬಣ್ಣದಲ್ಲಿ ಹೈಲೈಟ್ ಮಾಡಿದ್ದೇನೆ. ಬಾಯಿಂದ ಬಂದದ್ದು ಮಾತ್ರ, "ಡ್ರೈವರ್ ಅಣ್ಣಾರು ಹೇಳಿದಂಗ ಆಗ್ಲಿರಿ."

"ಮತ್ತ ನಿನ್ನ ಸಹಿ ಯಾಕ ಬೇಕವಾ?" ಎಂದ ಕಾಕಾ, ಬಸ್ಸು ಹೊರಡಲು ಬೇಕಾದ ಲಾಗ್‌ಶೀಟನ್ನು ಸಹಿ ಹಾಕದೆಯೇ ಮಡಚಿ ಕಿಸೆಗಿಟ್ಟುಕೊಂಡರು. ಡ್ರೈವರ್ ಗೊಣಗುತ್ತ ಇಂಜಿನ್ ಆರಿಸಿದ.

ನನಗೀಗ ಫುಲ್ ಕನ್‌ಫ್ಯೂಷನ್. ನಾಳೆ ಪರೀಕ್ಷಕರು "ಕ್ಯಾಪ್ಟನ್ ನಿನ್ನ ಮಾತು ಕೇಳದಿದ್ದರೆ ಏನು ಮಾಡುತ್ತೀಯ?" ಎಂದರೆ, ಸಹಿ ಹಾಕದೆ ಪೇಪರ್ ಕಿಸೆಗಿಡುತ್ತೇನೆ ಎನ್ನಬಹುದೇ? ಓರಲ್ ಮುಗಿಸಿದ ಸೀನಿಯರ್ಸ್, ಪ್ಲೀಸ್ ಬೇಗ ರಿಪ್ಲೈ ಮಾಡಿ. ನಾನಿನ್ನೂ ಬಸ್ ಸ್ಟ್ಯಾಂಡಿನಲ್ಲೇ ಇದ್ದೇನೆ.