ನಲವತ್ತೇಳನೇ ಹುಣಸೆಮರ

ಓಬಳೇಶಪ್ಪ ಇಪ್ಪತ್ತೆರಡು ವರ್ಷದಲ್ಲಿ ಹತ್ತಿ ಇಳಿದ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದ್ದರೆ ಚಂದ್ರನ ಅಂಗಳದಲ್ಲಿ ಹುಣಸೆಹುಳಿ ಕಾಯಿಸಬಹುದಿತ್ತು. ಈಗ ಅವನ ಮೊಣಕಾಲು ಬಸ್ಸಿನ ಮೆಟ್ಟಿಲು ಕಂಡರೂ ನಿಂತು ಯೋಚಿಸುತ್ತದೆ.

ಹಿರಿಯೂರಿನಾಚೆಯ ಒಂದು ಸಂಶೋಧನಾ ತೋಟದಲ್ಲಿ ಅವನು ಕೆಲಸದಾಳು. ಹುಣಸೆಹಣ್ಣು ಅಳೆಯುವುದು ಅವನ ಕೆಲಸ. ಬೀಗರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಶಿವರಾತ್ರಿ ಹತ್ತಿರವಾದರೆ ಸಾಕು, ಹೊಸದುರ್ಗ, ಹೊಳಲ್ಕೆರೆ ಕಡೆಯ ಬದುಗಳಲ್ಲಿ ನಿಂತ ಮರಗಳಿಗೆ ನಂಬರಿನ ತಗಡು ಹೊಡೆದು, ಒಂದೊಂದರಿಂದ ಇಪ್ಪತ್ತೈದು ಹಣ್ಣು ಕಿತ್ತು, ಉದ್ದ, ತೂಕ, ತಿರುಳು, ನಾರು, ಬೀಜ ಬರೆದುಕೊಳ್ಳಬೇಕು. ಬೀಜದಿಂದ ಹುಟ್ಟಿದ ಹುಣಸೆ ಒಂದರಂತೆ ಇನ್ನೊಂದಿರುವುದಿಲ್ಲ. ಒಂದರ ಹಣ್ಣು ಕುಡುಗೋಲಿನಂತೆ ಬಾಗಿದ್ದರೆ ಇನ್ನೊಂದರದು ಹೆಬ್ಬೆರಳುದ್ದ. ಒಂದು ಮರದ ಹುಳಿ ನೆಕ್ಕಿದ ಕಾಗೆ ಮೂರು ದಿನ ಒಂದು ಕಣ್ಣು ಮುಚ್ಚಿಕೊಂಡೇ ಹಾರಾಡಿತೆಂದು ಓಬಳೇಶಪ್ಪ ಆಣೆ ಮಾಡುತ್ತಾನೆ. ಇಂಥವುಗಳಲ್ಲಿ ಒಳ್ಳೆಯದನ್ನು ಆರಿಸಿ, ಕಡ್ಡಿ ತಂದು ಕಸಿ ಕಟ್ಟಿ, ಹೊಸ ತಳಿಯೆಂದು ರೈತರಿಗೆ ಕೊಡುವುದು ತೋಟದ ಉದ್ದೇಶ.

ನಿವೃತ್ತಿಗೆ ಮೊದಲು ತಾನು ಹುಡುಕಿದ ಒಂದು ಮರವಾದರೂ ತಳಿಯಾಗಬೇಕು ಎಂಬುದೊಂದೇ ಅವನ ಆಸೆ. ಉಳಿದಿದ್ದು ಎರಡು ಬೇಸಿಗೆ. ನಂಬಿದ್ದು ನಲವತ್ತೇಳನೇ ನಂಬರು. ಅದು ಹರಿಯಬ್ಬೆಯ ಹುಚ್ಚಕ್ಕನ ಹೊಲದ ಮರ. ಅದರ ಎರಡು ಹಣ್ಣು ಕಿವುಚಿದರೆ ಮದುವೆ ಮನೆಯ ಸಾರಿಗೆ ಸಾಕೆಂದು ಅವನು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದ. ಏಳು ವರ್ಷದ ಹಿಂದೆ ಅದರ ಕಸಿಗಿಡಗಳನ್ನು ಬೇರೆ ಹನ್ನೊಂದು ಮರಗಳ ಕಸಿಯ ಜೊತೆ ತೋಟದಲ್ಲಿ ನೆಟ್ಟಿದ್ದರು. ಎಲ್ಲಕ್ಕೂ ಒಂದೇ ಮಣ್ಣು, ಒಂದೇ ನೀರು. ಅಳೆಯುವಷ್ಟು ಹಣ್ಣು ಬಿಟ್ಟದ್ದು ಈ ವರ್ಷ.

ತೋಟದ ವಿಜ್ಞಾನಿ ಸರ್ವಮಂಗಳ ನಲವತ್ತೇಳರ ಕಸಿಗಿಡದ ಹಣ್ಣನ್ನು ತಕ್ಕಡಿಗೆ ಹಾಕಿ, ತೆಗೆದು, ಮತ್ತೆ ಹಾಕಿದರು. ಹುಚ್ಚಕ್ಕನ ಮರದ್ದು ಗೇಣುದ್ದ, ಇದು ಹೆಬ್ಬೆರಳುದ್ದ.

“ಓಬಳೇಶಪ್ಪ, ಕಡ್ಡಿ ತರುವಾಗ ಮರ ತಪ್ಪಿತೇನು?”

“ಹೆಂಡ್ತೀನ ಬೇಕಾದ್ರೆ ಸಂತೆಯಾಗೆ ತಪ್ಪಿಸ್ಕಂಡೇನು, ಆ ಮರ ತಪ್ಪಲ್ರಿ ಮೇಡಮ್.”

ಮರುದಿನ ಇಬ್ಬರೂ ಹರಿಯಬ್ಬೆಗೆ ಹೋದರು. ಮರದಲ್ಲಿ ಎಂದಿನಂತೆ ಗೇಣುದ್ದದ ಹಣ್ಣು ಜೋತಾಡುತ್ತಿತ್ತು. ಹುಚ್ಚಕ್ಕ “ಬರ್ರಿ, ಕುಂತ್ಕಳ್ರಿ” ಎಂದು ಗೋಣಿಚೀಲ ಹಾಸಿದಳು. ಸರ್ವಮಂಗಳ ಕೂರಲಿಲ್ಲ. ಬುಡದ ಮಣ್ಣು ಕಪ್ಪಗೆ, ಮೆತ್ತಗಿತ್ತು. ಬಗ್ಗಿ ಒಂದು ಹಿಡಿ ತೆಗೆದರು.

“ಇದೇನಮ್ಮ?”

“ಕುರಿ ಹಿಕ್ಕೆ ಕಣವ್ವ. ಕಡ್ಲೆಕಾಯಿ ಕಿತ್ತಾದ್ಮೇಲೆ ಗೊಲ್ಲಪ್ಪನ ಕುರಿ ಮಂದೆ ಎರಡು ತಿಂಗ್ಳು ಇಲ್ಲೇ ಮಲಗ್ತೈತೆ. ನಮ್ಮತ್ತೆ ಕಾಲದಿಂದ್ಲೂ ಹಂಗೇ.”

ಸರ್ವಮಂಗಳ ಚೀಲದಿಂದ ಆ ಮರದ ಹಳೆಯ ನಮೂನೆ ಹಾಳೆ ತೆಗೆದರು. “ಗೊಬ್ಬರ ಹಾಕಿದ್ದಾರೆಯೇ ಅನ್ನೋ ಕಡೆ ‘ಇಲ್ಲ’ ಅಂತ ನೀವೇ ಬರೆದಿದ್ದೀರಿ.”

“ಯಾರು ಹಾಕಿದ್ರು ಮೇಡಮ್? ಗೊಬ್ಬರ ಅಂದ್ರೆ ಗಾಡಿಯಾಗೆ ಬರ್ಬೇಕು, ಇಲ್ಲ ಚೀಲದಾಗೆ ಬರ್ಬೇಕು. ಇವು ಕುರಿ. ಬಂದ್ವು, ಮಲಗಿದ್ವು, ಹೋದ್ವು.”

ಹೇಳುತ್ತಲೇ ಅವನ ದನಿ ಇಳಿಯಿತು. ಕುರಿಯವರ ಮನೆಯಲ್ಲಿ ಹುಟ್ಟಿ, ಕಂಬಳಿಯಲ್ಲೇ ಬೆಳೆದವನು. ಕುರಿ ಮಲಗುವುದನ್ನು ಬರೆಯಬೇಕೆಂದು ಅವನಿಗೆ ಹೊಳೆದಿರಲೇ ಇಲ್ಲ. ಹಣ್ಣಿನ ಉದ್ದ ಮರದ ಗುಣವಲ್ಲ, ಬುಡದ ಗೊಬ್ಬರದ್ದು.

“ಹಂಗಾದ್ರೆ ಹೆಸರು ಮರಕ್ಯಾಕೆ?” ಎಂದಳು ಹುಚ್ಚಕ್ಕ. “ಗೊಲ್ಲಪ್ಪನ ಟಗರಿನ ಹೆಸರೇ ಇಡ್ರಿ.”

ಓಬಳೇಶಪ್ಪ ನಗಲಿಲ್ಲ. ಬುಡದಲ್ಲಿ ಕೂತ. ಹೊಸದೊಂದು ಮರ ಹುಡುಕಿ ಕಸಿ ಕಟ್ಟಿದರೆ ಹಣ್ಣು ಬಿಡಲು ಮತ್ತೆ ಏಳು ವರ್ಷ. ಅವನ ಬಳಿ ಇದ್ದದ್ದು ಎರಡು.

“ಕುರಿ ಮಲಗದ ಮರ ಯಾವುದಾದ್ರೂ ಇದೆಯೇನು?” ಎಂದು ಸರ್ವಮಂಗಳ ಆ ಹನ್ನೆರಡರ ಪಟ್ಟಿ ಮುಂದೆ ಹಿಡಿದರು. ಅವನು ಬೆರಳಿಟ್ಟುಕೊಂಡು ಹೋದ. ಇಲ್ಲಿ ಕುರಿ, ಇಲ್ಲಿ ಕುರಿ, ಇಲ್ಲಿ ತಿಪ್ಪೆ. ಬೆರಳು ಹತ್ತೊಂಬತ್ತನೇ ನಂಬರಿನ ಮೇಲೆ ನಿಂತಿತು.

“ಇದು ಬಿ.ದುರ್ಗದ ಬಂಡೆ ಮೇಲಿಂದು. ಅಲ್ಲಿ ಕುರಿಯೇನು, ನೆಳ್ಳೂ ಕುಂತ್ಕಳಲ್ಲ. ಸಾಲು ತುಂಬ್ಲಿ ಅಂತ ತಂದಿದ್ದೆ.”

ಸರ್ವಮಂಗಳ ಎರಡು ಲೆಕ್ಕ ಪಕ್ಕಪಕ್ಕ ಇಟ್ಟರು. ಬಂಡೆಯ ಮೇಲೆ ಆರು ಬೆರಳು, ಅಂದರೆ ಅರ್ಧ ಗೇಣುದ್ದ, ತೋಟದಲ್ಲೂ ಆರು. ತಿರುಳು ಅಷ್ಟೇ, ಬೀಜ ಎರಡೂ ಕಡೆ ಕಡಿಮೆ. ಹನ್ನೆರಡರಲ್ಲಿ ಹೋದ ಕಡೆಯೂ ತನ್ನ ಗುಣ ಬಿಡದೆ ನಿಂತದ್ದು ಅದೊಂದೇ.

“ತಳಿ ಮಾಡೋಕೆ ಇದನ್ನೇ ಮುಂದಕ್ಕೆ ಕಳಿಸ್ತೀನಿ. ಆದ್ರೆ ಬಂಡೆ ಮೇಲೆ ನೀವು ಅಳೆದಿರೋದು ಒಂದೇ ವರ್ಷ. ಈ ಬೇಸಿಗೆ, ಮುಂದಿನ ಬೇಸಿಗೆ ಮತ್ತೆ ಹತ್ತಬೇಕು.”

“ಬಂಡೆನಾ, ಮರಾನಾ?”

“ಎರಡೂ.”

ಆ ವಾರವೇ ಅವನು ಹತ್ತಿದ. ಬಂಡೆ ಅಷ್ಟು ವರ್ಷದಲ್ಲಿ ಎರಡು ಪಟ್ಟು ಬೆಳೆದಿತ್ತೆಂದು ಆಮೇಲೆ ಹೇಳಿದ. ನಡುವೆ ನಾಲ್ಕು ಸಲ ಕೂತ. ಇಳಿದುಬಿಡಬೇಕೆಂದು ಐದು ಸಲ ಅನ್ನಿಸಿತು. ಇಪ್ಪತ್ತೈದು ಹಣ್ಣು ಕಿತ್ತು ಅಳೆದ. ಆರು ಬೆರಳು. ನಮೂನೆಯಲ್ಲಿ ಗೊಬ್ಬರದ ಜಾಗ ಬಂದಾಗ ಪೆನ್ನು ಕೆಳಗಿಟ್ಟು ಬುಡವನ್ನು ಮೂರು ಸುತ್ತು ಹಾಕಿದ, ಸಂದುಗೊಂದಿಗೆಲ್ಲ ಕಡ್ಡಿ ಹಾಕಿ ಕೆದಕಿದ, ಒಂದಷ್ಟು ಹೊತ್ತು ಕೊಂಬೆಗಳನ್ನೇ ನೋಡಿದ. ಆಮೇಲೆ ಮೊಣಕಾಲು ನೀವಿಕೊಳ್ಳುತ್ತ ಬರೆದ:

“ಕಾಗೆ, ಒಂದು. ಕೂತಿತ್ತು. ಏನೂ ಮಾಡದೆ ಹೋಯಿತು.”