ಸುರಂಗಿ ಯಾರವಳು?

ಹೋದ ವಾರ ಹಾಜರಿ ಪುಸ್ತಕ ಕೊಳ್ಳಲು ಭಾಲ್ಕಿಯ ಒಂದು ಅಂಗಡಿಗೆ ಹೋಗಿದ್ದೆ. ಪಕ್ಕದಲ್ಲಿದ್ದ ಯಾರೋ ಕಪ್ಪು ಇಂಡಿಯನ್ ಇಂಕಿನ ಬಾಟಲಿಯ ಮುಚ್ಚಳ ತೆಗೆದು ನೋಡುತ್ತಿದ್ದರು. ಆ ವಾಸನೆ... ಸ್ವಲ್ಪ ಕರ್ಪೂರ, ಸ್ವಲ್ಪ ದೀಪದ ಮಸಿ. ಏನು ಕೇಳಲು ಬಂದಿದ್ದೆ ಎಂಬುದೇ ಮರೆತುಹೋಯಿತು. ನಮ್ಮ ಡ್ರಾಯಿಂಗ್ ಸರ್ ಅವರ ಅಂಗಿಯ ತೋಳಿನಿಂದ ಸದಾ ಇದೇ ವಾಸನೆ ಬರುತ್ತಿತ್ತು.

ಅವರು ಬೀದರಿನ ಹಳೇ ಊರಿನವರು. ದಿನಾ ಬೆಳಗಿನ ರೈಲುಗಾಡಿಗೆ ಭಾಲ್ಕಿಗೆ ಬಂದು, ನಮ್ಮ ಹೈಸ್ಕೂಲಿನಲ್ಲಿ ಹೂದಾನಿ, ಮಾವಿನಕಾಯಿ ಬರೆಯುವುದನ್ನು ಕಲಿಸಿ, ಸಂಜೆಯ ಗಾಡಿಗೆ ಮರಳುತ್ತಿದ್ದರು. ಅವರ ನಿಜವಾದ ಕೆಲಸ ನಡೆಯುತ್ತಿದ್ದುದು ಗಾಡಿಯೊಳಗೆ. ತೊಡೆಯ ಮೇಲೊಂದು ಹಲಗೆ, ಹಲಗೆಯ ಮೇಲೆ ಹಾಳೆ. ನಡುವಿನ ಹಲಬರ್ಗಾ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಕಣ್ಣು ಮೂಗು ಬರೆಯುವುದು; ಗಾಡಿ ಹೊರಟ ಮೇಲೆ, ಕೈ ಅಲುಗಿದರೂ ನಡೆಯುವ ಮೋಡ, ಗಿಡ, ಬಂಡೆ. ಸುರಂಗಿ ಹುಟ್ಟಿದ್ದು ಹೀಗೆ.

ಸುರಂಗಿ ಅವರ ಕಾಮಿಕ್ಸಿನ ನಾಯಕಿ. ನೆಲಕ್ಕೆ ಕಿವಿಯಿಟ್ಟರೆ ಅವಳಿಗೆ ಆಳದ ನೀರಿನ ಸದ್ದು ಕೇಳಿಸುತ್ತಿತ್ತು. ಬೀದರಿನ ನೆಲದಡಿಯಲ್ಲಿರುವ ಬಹಮನಿ ಕಾಲದ ನೀರಿನ ಸುರಂಗಗಳಲ್ಲಿ ಓಡಿ, ಯಾವ ಊರಿನ ಬಾವಿಯಿಂದ ಬೇಕಾದರೂ ಮೇಲೆ ಬರುತ್ತಿದ್ದಳು. ಹೈದರಾಬಾದಿನ ಒಂದು ಸಣ್ಣ ಪ್ರಕಾಶನ ಅವಳ ಕತೆಗಳನ್ನು ಹಿಂದಿಯಲ್ಲೂ ಕನ್ನಡದಲ್ಲೂ ಅಚ್ಚು ಹಾಕುತ್ತಿತ್ತು. ಅವಳು ಭಾತಂಬ್ರಾದ ಬಾವಿಯಿಂದ ಎದ್ದು ಬಂದ ಸಂಚಿಕೆ ಬಂದಾಗ, ಆ ಊರಿನಿಂದ ಶಾಲೆಗೆ ಬರುತ್ತಿದ್ದ ನನ್ನ ಗೆಳತಿ ಒಂದು ವಾರ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಅಷ್ಟು ಜಂಬ.

ಎಂಟು ಸಂಚಿಕೆಗಳಾದ ಮೇಲೆ ಪ್ರಕಾಶನ ಮುಚ್ಚಿತು. ಅದರ ಮಾಲೀಕರು ತೀರಿಕೊಂಡರು. ಪ್ರೆಸ್ಸು, ಹಳೆಯ ಪುಸ್ತಕ, ಹೆಸರು ಎಲ್ಲವನ್ನೂ ಒಂದು ದೊಡ್ಡ ಕಂಪನಿ ಕೊಂಡಿತು ಎಂದು ಸರ್ ಒಮ್ಮೆ ಹೇಳಿದ್ದರು, ಯಾರದೋ ಮನೆಯ ಸುದ್ದಿ ಹೇಳುವವರ ಹಾಗೆ.

ವರ್ಷಗಳು ಕಳೆದವು. ನಾನು ಔರಾದಿನ ಒಂದು ಶಾಲೆಗೆ ಮುಖ್ಯ ಶಿಕ್ಷಕಿಯಾದೆ. ಸರ್ ನಿವೃತ್ತರಾಗಿದ್ದರು. ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಸುರಂಗಿಯನ್ನು ಬರೆದುಕೊಡಿ ಎಂದು ಕೇಳಿದಾಗ ಮರುದಿನವೇ ಬಸ್ಸು ಹತ್ತಿ ಬಂದರು. ಮುಖವೊಂದನ್ನು ಬಿಟ್ಟು ಉಳಿದದ್ದೆಲ್ಲ ನಾಲ್ಕು ದಿನದಲ್ಲಿ ಮುಗಿಯಿತು. ಮುಖ ಅವಸರದಲ್ಲಿ ಬರೆಯುವುದಲ್ಲ, ಇನ್ನೊಮ್ಮೆ ಬರುತ್ತೇನೆ ಎಂದರು. ಅಷ್ಟರಲ್ಲಿ ಯಾರೋ ಅದನ್ನು ಫೋನಿನಲ್ಲಿ ಹಿಡಿದು ಊರೆಲ್ಲ ಹಂಚಿದ್ದರು.

ತಿಂಗಳೊಳಗೆ ಶಾಲೆಗೆ ನೋಟಿಸು ಬಂತು. ಆ ದೊಡ್ಡ ಕಂಪನಿ ಸುರಂಗಿಯನ್ನು ಹೊಸ ಬಣ್ಣಗಳಲ್ಲಿ ಮತ್ತೆ ತರುತ್ತಿತ್ತು, ಸರ್ ಹೆಸರಿಲ್ಲದೆ. ಪಾತ್ರ ನಮ್ಮ ಸ್ವತ್ತು, ಚಿತ್ರ ಅಳಿಸದಿದ್ದರೆ ಶಾಲೆಯ ಮೇಲೂ ಬರೆದವರ ಮೇಲೂ ಕೇಸು ಹಾಕುತ್ತೇವೆ ಎಂದು ಬರೆದಿತ್ತು.

ಓದಿ ಹೇಳಿದೆ. ಸರ್ ಪೂರ್ತಿ ಕೇಳಿ ಫೋನಿಟ್ಟರು. ಮರುದಿನ ನಾನು ಶಾಲೆಗೆ ಹೋಗುವಷ್ಟರಲ್ಲಿ ಸುಣ್ಣದ ಬಕೆಟ್ಟು ಹಿಡಿದು ಗೋಡೆಯ ಮುಂದೆ ನಿಂತಿದ್ದರು.

“ಸರ್, ಏನ್ ಮಾಡ್ಲತೀರಿ?”

“ನನ್ನ ಸಲುವಾಗಿ ನಿನ್ನ ಸಾಲಿಗಿ ತ್ರಾಸ ಆಗಬಾರದು, ಬೇಟಿ.”

“ಆಕಿ ನಿಮ್ಮಾಕಿ ಅಲ್ಲೇನ್ರಿ?”

ಅವರು ಬಕೆಟ್ಟು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು. ಕಾಮಿಕ್ಸಿನ ಲೋಕ ಹೇಗೆಂದು ಅವತ್ತು ಮೊದಲ ಸಲ ಬಿಡಿಸಿ ಹೇಳಿದರು. ಪರದೇಶದಲ್ಲೂ ಹೀಗೇ ಅಂತೆ. ಬರೆದವರು ಹುರುಪಿನಲ್ಲಿ ಸಹಿ ಹಾಕುತ್ತಾರೆ, ಅವರ ಕತೆಯ ವೀರ ಪ್ರಕಾಶಕನ ಸ್ವತ್ತಾಗುತ್ತಾನೆ. ಒಬ್ಬ ಪ್ರಕಾಶಕನನ್ನು ಇನ್ನೊಬ್ಬ ಕೊಂಡರೆ ಮೇಜು ಕುರ್ಚಿಯ ಜೊತೆಗೆ ವೀರನೂ ಹೋಗುತ್ತಾನೆ. ಬರೆದವರು ಮುದುಕರಾದ ಮೇಲೆ ಕೋರ್ಟಿಗೆ ಅಲೆಯುತ್ತಾರೆ.

“ನಾನೂ ಸಹಿ ಹಾಕೀನಿ. ಏನ್ ಬರದಿತ್ತೋ ಓದಿಲ್ಲ. ಪುಸ್ತಕ ಆಗ್ತದ ಅನ್ನೋ ಖುಷಿ ಇತ್ತು ನೋಡು...”

ನಾನು ಸುಣ್ಣದ ಬಕೆಟ್ಟನ್ನು ಆಫೀಸಿನೊಳಗಿಟ್ಟು ಬೀಗ ಹಾಕಿ, ಆ ಸಹಿಯ ಕಾಗದ ಹುಡುಕಲು ಅವರ ಜೊತೆ ಬೀದರಿಗೆ ಹೊರಟೆ. ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಕಾಗದ ಸಿಕ್ಕರೆ ಅದರಲ್ಲಿ ಏನಿರುತ್ತದೋ? ಸಿಗದಿರುವುದೇ ಒಳ್ಳೆಯದೇನೋ ಎಂದೂ ಅನ್ನಿಸಿತು.

ಮನೆಯಲ್ಲಿ ಅವರ ಹೆಂಡತಿ ಇದ್ದರು. ನಾನು ಅವರನ್ನು ಚಾಚಿ ಎನ್ನುತ್ತಿದ್ದೆ. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕೆಲಸದವರ ಮನೆಯ ಮಗಳು. ನಾನು ನೋಟಿಸಿನ ವಿಷಯ ಹೇಳಿದೆ. ಸರ್ ಮನೆಯಲ್ಲಿ ಅದನ್ನು ಹೇಳಿಯೇ ಇರಲಿಲ್ಲ. ಚಾಚಿ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಟ್ರಂಕಿನ ತಳದಿಂದ ರೇಷನ್ ಕಾರ್ಡು, ಮನೆಯ ಕಾಗದಗಳಿದ್ದ ಬಟ್ಟೆಯ ಗಂಟನ್ನು ತಂದು ಬಿಚ್ಚಿದರು.

“ಇದೇನು ನೋಡ್ರಿ. ನಾನೇ ಬರಸ್ಕೊಂಡಿದ್ದೆ.”

ಸರ್ ಬೆರಗಾಗಿ ನೋಡಿದರು. “ನೀ ಬರಸ್ಕೊಂಡಿದ್ದಿ? ಯಾವಾಗ?”

“ಆ ಹೈದರಾಬಾದಿನ ಸಾಹೇಬರು ಮನಿಗಿ ಬಂದಾಗ. ನೀವು ಚಹಾಕ್ಕ ಹಾಲು ತರ್ಲಾಕ ಹೋಗಿದ್ರಿ. ನಮ್ಮ ಅಬ್ಬಾ ತಮ್ಮ ಹೂಬಳ್ಳಿ ನಕ್ಷಾ ಯಾರಿಗರ ಕೊಟ್ರ, ಕೆಲಸ ಮುಗದ ಮ್ಯಾಲ ವಾಪಸ್ ತಗೋತಿದ್ರು. ಇದೂ ನಕ್ಷಾನೇ ಅಲ್ಲೇನ್ರಿ, ಅಂತ ಕೇಳಿದೆ. ಸಾಹೇಬರು ಛಲೋ ಮನಶ್ಯಾ. ನಕ್ಕು, ಬರದು ಕೊಟ್ರು. ನೀವು ಬಂದು ಸಹಿ ಹಾಕಿದ್ರಿ.”

“ನನಗ ಹೇಳಬೇಕಿಲ್ಲ?”

“ನೀವು ಕೇಳಬೇಕಿಲ್ಲ?”

ಉರ್ದುವಿನಲ್ಲಿದ್ದ ಆ ಕಾಗದವನ್ನು ಸರ್ ಗಟ್ಟಿಯಾಗಿ ಓದತೊಡಗಿದರು. ಪ್ರಕಾಶನಕ್ಕೆ ಅಚ್ಚು ಹಾಕುವ ಅನುಮತಿ ಮಾತ್ರ. ಅಚ್ಚು ನಿಂತ ಮೇಲೆ ಸುರಂಗಿ ಮತ್ತು ಅವಳ ಕತೆಗಳು ಬರೆದವರಿಗೇ ಸೇರಿದವು. ಬೇರೆ ಯಾರಿಗೂ ಮಾರುವಂತಿಲ್ಲ. ಕೆಳಗೆ ಎರಡು ಸಹಿ. ಕೊನೆಯ ಸಾಲನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, ಗೋಡೆಗೊರಗಿ, ದೊಡ್ಡ ಉಸಿರು ಬಿಟ್ಟರು. ನಾನು ಅತ್ತೆ, ಆಮೇಲೆ ನಕ್ಕೆ. ಚಾಚಿ ಮಾತ್ರ ಉಳಿದ ಕಾಗದಗಳನ್ನು ಮತ್ತೆ ಗಂಟು ಕಟ್ಟುತ್ತಿದ್ದರು.

ಬೀದರಿನ ವಕೀಲರೊಬ್ಬರು ಆ ಕಾಗದದ ನಕಲು ಸೇರಿಸಿ ಉತ್ತರ ಬರೆದರು. ಮೂರು ತಿಂಗಳು ಏನೂ ಸುದ್ದಿಯಿಲ್ಲ. ಪೋಸ್ಟ್‌ಮ್ಯಾನ್ ಗೇಟಿಗೆ ಬಂದಾಗಲೆಲ್ಲ ನಾನೇ ಎದ್ದು ಹೋಗುತ್ತಿದ್ದೆ. ಕೊನೆಗೆ ಎರಡೇ ಸಾಲಿನ ಪತ್ರ ಬಂತು: ನೋಟಿಸನ್ನು ಹಿಂತೆಗೆದುಕೊಂಡಿದ್ದೇವೆ, ನಿಮ್ಮ ಒಪ್ಪಿಗೆಯಿಲ್ಲದೆ ಸುರಂಗಿಯನ್ನು ಪ್ರಕಟಿಸುವುದಿಲ್ಲ. ಫೋನಿನಲ್ಲಿ ಓದಿ ಹೇಳಿದೆ. ಆ ಕಡೆಯಿಂದ ಸರ್ ಮನೆಯೊಳಗೆ ಕೂಗಿದ್ದು ಕೇಳಿಸಿತು: “ಏ, ಆಕಿ ಮನಿಗಿ ಬಂದಳು!”

ಆ ಭಾನುವಾರ ಬಂದು ಸುರಂಗಿಯ ಮುಖ ಬರೆದರು. ಅವಸರವಿರಲಿಲ್ಲ. ಮಧ್ಯಾಹ್ನ ರೊಟ್ಟಿ ತಿಂದು, ಬೇವಿನ ನೆರಳಿನಲ್ಲಿ ಗೊರಕೆ ಹೊಡೆದು ಮಲಗಿದರು. ತಿಂಗಳುಗಟ್ಟಲೆ ಅವರಿಗೆ ಅಂಥ ನಿದ್ದೆ ಬಂದಿರಲಿಲ್ಲ ಎಂದು ಚಾಚಿ ಆಮೇಲೆ ಹೇಳಿದರು. ಅದಾಗಿ ಎರಡು ವರ್ಷ ಬದುಕಿದ್ದರು. ಸುರಂಗಿಯ ಇನ್ನೊಂದು ಕತೆಯನ್ನು ಅರ್ಧಕ್ಕೆ ತಂದಿದ್ದರು...

ಹೋದ ವಾರ ಆ ಇಂಕಿನ ಅಂಗಡಿಯಿಂದ ಹೊರಟವಳು ಔರಾದಿಗೆ ಹೋಗದೆ ಬೀದರಿನ ಬಸ್ಸು ಹತ್ತಿದೆ. ಚಾಚಿ ನನ್ನನ್ನೇ ಕಾಯುತ್ತಿದ್ದವರಂತೆ ಒಂದು ಲಕೋಟೆ ಮುಂದಿಟ್ಟರು. ಪುಣೆಯ ಹೊಸ ಪ್ರಕಾಶನವೊಂದು ಸುರಂಗಿಯ ಎಂಟೂ ಸಂಚಿಕೆಗಳನ್ನು ಮತ್ತೆ ಅಚ್ಚು ಹಾಕಲು ಅನುಮತಿ ಕೇಳಿತ್ತು. ಪತ್ರ ಸರ್ ಹೆಸರಿಗಿತ್ತು.

“ಬರಿ ಬೇಟಿ,” ಎಂದರು ಚಾಚಿ. “ಮೊದಲು ಅವರು ಇಲ್ಲ ಅಂತ ಬರಿ. ಆಮ್ಯಾಲ, ಅವರ ಹೆಸರು ದೊಡ್ಡದಾಗಿ ಹಾಕ್ರಿ, ನಾನು ಹೂಂ ಅಂದೀನಿ ಅಂತ ಬರಿ.”

ಎರಡನೆಯ ಮಾತು ಬರೆಯುವುದು ಸುಲಭವಾಗಿತ್ತು. ಮೊದಲನೆಯದಕ್ಕೆ ಮೂರು ಹಾಳೆ ಹರಿದೆ.