ಕೆಂಪು ಬಣ್ಣದ ಹೆಬ್ಬೆಟ್ಟು

ನನ್ನ ಬಲಗೈ ಮಣಿಕಟ್ಟು ಸೊಟ್ಟ ಇದೆ. ಲಕ್ಷ್ಮೇಶ್ವರದಲ್ಲಿ ಗಂಡ ಬಾರುಕೋಲಿನ ಹಿಡಿಯಿಂದ ಹೊಡೆದು ಮುರಿದದ್ದು. ಅವನು ಚಕ್ಕಡಿ ಹೊಡೆಯುತ್ತಿದ್ದ. ಎತ್ತಿಗೆ ಬಿದ್ದಷ್ಟೇ ಏಟು ನನಗೂ ಬೀಳುತ್ತಿದ್ದವು, ಎತ್ತಿಗೆ ಹೊತ್ತಿಗೆ ಸರಿಯಾಗಿ ಮೇವಾದರೂ ಬೀಳುತ್ತಿತ್ತು. ಮಗಳಿಗೆ ಒಂಬತ್ತು ವರ್ಷ ಇದ್ದಾಗ ಅವಳ ಬೆನ್ನ ಮೇಲೂ ಬಾಸುಂಡೆ ಕಂಡೆ. ಮರುದಿನ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಗದಗಕ್ಕೆ ಬಂದೆ.

ಬೆಟಗೇರಿಯ ನೇಕಾರರ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ ಸಿಕ್ಕಿತು. ಮಗಳು ಮಗ್ಗ ಕಲಿತಳು. ಹತ್ತು ವರ್ಷ ಅವನಿಗೆ ನಮ್ಮ ಪತ್ತೆ ಇರಲಿಲ್ಲ. ಕೇಳಿದವರಿಗೆ ಗಂಡ ಪುಣೆಯಲ್ಲಿ ದುಡಿಯುತ್ತಾನೆ ಎನ್ನುತ್ತಿದ್ದೆ.

ಎಂಬತ್ತನೇ ಇಸವಿಯ ಈಚೆಗೆ ಗದಗಿನಲ್ಲಿ ಪಾತ್ರೆ ಅಂಗಡಿಯ ಮಾಳಿಗೆ ಮೇಲೆ ಒಬ್ಬ ವಧೂವರರ ಕೇಂದ್ರ ತೆರೆದ. ಹೆಸರು ಬರೆಸಿ, ಫೋಟೋ ಕೊಟ್ಟರೆ ವರ ತೋರಿಸುತ್ತಾನೆ. ಐವತ್ತೊಂದು ರೂಪಾಯಿ ಕಟ್ಟಿದೆ. ಮಗಳ ಒಂದೇ ಒಂದು ಫೋಟೋ ತೆಗೆಸಿ ಕೊಟ್ಟೆ. ಅವನು ಹುಡುಗಿಯ ತಂದೆಯ ಹೆಸರು, ಊರು ಕೇಳಿದ. ಅಲ್ಲಿ ನಾನು ತಪ್ಪು ಮಾಡಿದೆ. ತಂದೆಯ ಊರು ಹೇಳದಿದ್ದರೆ ಮನೆತನ ಇಲ್ಲದ ಹುಡುಗಿ ಅನ್ನುತ್ತಾರೆ ಎಂದು ಹೆದರಿ, ಲಕ್ಷ್ಮೇಶ್ವರದ ಓಣಿಯ ಸಮೇತ ಖರೆ ವಿಳಾಸ ಬರೆಸಿಬಿಟ್ಟೆ. ನನಗೆ ಬರುತ್ತಿದ್ದದ್ದು ನನ್ನ ಹೆಸರು ಬರೆಯುವುದೊಂದೇ. ಅದನ್ನು ಬರೆದು ಸಹಿ ಮಾಡಿದೆ.

ಮೂರು ತಿಂಗಳಲ್ಲಿ ವರ ನಮ್ಮ ಓಣಿಯಲ್ಲೇ ಸಿಕ್ಕ. ಮಗ್ಗದವರ ಹುಡುಗ, ಮಗಳಿಗೂ ಮನಸ್ಸಿತ್ತು. ಮದುವೆ ಗಟ್ಟಿ ಮಾಡುವ ವೀಳ್ಯಕ್ಕೆ ದಿನ ನೋಡಿದೆವು. ಅಷ್ಟರಲ್ಲಿ ಕೇಂದ್ರದವನು ಫೋಟೋ, ನಮ್ಮ ವಿಳಾಸ ಕೊಟ್ಟು ಮುಂಡರಗಿ ಕಡೆಯ ಹಿರೇವಡ್ಡಟ್ಟಿಯಿಂದ ಒಬ್ಬ ನಲವತ್ತು ದಾಟಿದವನನ್ನು ಕಳಿಸಿದ. ಅವನು ಓಣಿಯಲ್ಲಿ ಫೋಟೋ ತೋರಿಸುತ್ತ ಮನೆ ಕೇಳಿಕೊಂಡು ಬಂದು, ನೋಡಿ ಹೋಗಿ ಫೋಟೋ ಕೇಂದ್ರಕ್ಕೆ ಮರಳಿಸಿದ. ಹುಡುಗನ ತಾಯಿ ಬಾಗಿಲಿಗೆ ಬಂದು ನಿಂತಳು.

"ನಮ್ಮ ಸೊಸಿ ಆಗಾಕಿ ಫೋಟೋ ಕಂಡಕಂಡವರ ಕಿಸೇದಾಗ ಇರಬಾರದು. ವೀಳ್ಯದ ದಿನ ಫೋಟೋ ನನ್ನ ಕೈಯಾಗ ಇರಬೇಕು. ಇಲ್ಲಾಂದ್ರ ಆ ಹಿರೇವಡ್ಡಟ್ಟಿ ಮುದುಕನ್ನ ಮಾಡ್ಕೊರಿ."

ನಾನು ಕೇಂದ್ರಕ್ಕೆ ಹೋದೆ. ಹೆಸರು ತೆಗೆಯಿರಿ, ಫೋಟೋ, ದುಡ್ಡು ವಾಪಸು ಕೊಡಿರಿ ಎಂದೆ. ಅವನು ಅಡಿಕೆ ಕತ್ತರಿಸುತ್ತಾ ಒಂದು ಫಾರ್ಮ್ ಕೊಟ್ಟ.

"ಇದರ ಮ್ಯಾಲ ಹುಡುಗಿ ತಂದಿ ಸಹಿ ಬೇಕ್ರೀ ಬಾಯಾರ. ಹೆಬ್ಬಟ್ಟಾದ್ರೂ ನಡೀತೈತಿ."

"ಬರಸಾಕ ನನ್ನ ಸಹಿ ನಡೀತು. ತಗಿಯಾಕ ಯಾಕ ನಡಿಯಂಗಿಲ್ಲ?"

"ದುಡ್ಡು ತಗೊಳ್ಳಾಕ ಯಾರದಾದ್ರೂ ನಡೀತೈತ್ರಿ. ಕೊಡಾಕ ಯಜಮಾನ್ರು ಬೇಕು."

ನಾಲ್ಕು ಸಲ ಹೋದೆ, ನಾಲ್ಕು ಸಲವೂ ಅದೇ ಮಾತು. ಕೊನೆಗೆ ಅವನಿಗೇ ಬೇಸರ ಬಂದು, ನನಗೆ ಒಂದು ಮಾತೂ ಹೇಳದೆ, ಬಂದು ಸಹಿ ಹಾಕಿರಿ ಎಂದು ಲಕ್ಷ್ಮೇಶ್ವರಕ್ಕೆ ನನ್ನ ಗಂಡನಿಗೇ ಕಾರ್ಡು ಬರೆದು ಹಾಕಿದ. ನಮ್ಮ ಬೆಟಗೇರಿ ವಿಳಾಸವನ್ನೂ ಅದರಲ್ಲಿ ಬರೆದಿದ್ದ.

ವೀಳ್ಯಕ್ಕೆ ಎರಡು ದಿನ ಇತ್ತು. ಮಟಮಟ ಮಧ್ಯಾಹ್ನ. ನಾನು ಹಿತ್ತಲಲ್ಲಿ ಕುದಿಯುವ ಕೆಂಪು ಬಣ್ಣದಲ್ಲಿ ನೂಲು ತಿರುವುತ್ತಿದ್ದೆ. ಒಳಗೆ ಮಗಳ ಮಗ್ಗ ನಿಂತಿತು. ಎಳೆ ಹರಿದಿರಬೇಕು, ಕಟ್ಟುತ್ತಾಳೆ ಎಂದುಕೊಂಡೆ. ಮತ್ತೆ ಸಪ್ಪಳ ಬರಲಿಲ್ಲ. ಬಣ್ಣ ತಿರುವುವ ಕೋಲು ಹಿಡಿದೇ ಒಳಗೆ ಹೋದೆ.

ನಮ್ಮದು ಕುಣಿಮಗ್ಗ. ನೇಯುವವರು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡಬೇಕು, ತಟ್ಟನೆ ಏಳಲು ಬರುವುದಿಲ್ಲ. ಗಂಡ ಅವಳ ಕೂದಲನ್ನು ಮುಷ್ಟಿಗೆ ಸುತ್ತಿಕೊಂಡು ಕುಣಿಯಿಂದ ಮೇಲಕ್ಕೆ ಎಳೆಯುತ್ತಿದ್ದ.

"ಶಿರಹಟ್ಟಿ ಅಕ್ಕನ ಮಗಗ ಮಾತು ಕೊಟ್ಟೀನಿ. ನಡೀಲೇ! ನಿಮ್ಮವ್ವ ಪ್ಯಾಟಿ ಒಳಗ ನಿನ್ನ ಮಾರಾಕ ಇಟ್ಟಾಳ."

ಆ ಅಕ್ಕನ ಮಗನಿಗೆ ಆಗಲೇ ಒಬ್ಬ ಹೆಂಡತಿ ಇದ್ದಳು. ಕೋಲಿನಿಂದ ಅವನ ಕಿವಿಯ ಮೇಲೆ ಹೊಡೆದೆ. ಕೂದಲು ಬಿಟ್ಟ, ಒಂದು ಹಿಡಿ ಅವನ ಕೈಯಲ್ಲೇ ಉಳಿಯಿತು. ತಿರುಗಿ ನನ್ನ ಹೊಟ್ಟೆಗೆ ಒದ್ದ. ಗೋಡೆಗೆ ಒತ್ತಿ ಕುತ್ತಿಗೆ ಹಿಚುಕಿದ. ಬಾಯಿಗೆ ರಕ್ತ ಬಂತು, ಕಣ್ಣು ಮಂಜಾದವು. ಅವನು ಒಮ್ಮೆಲೇ ಒದರಿದ. ಮತ್ತೆ ಕುಣಿಗೆ ಜಾರಿದ್ದ ಮಗಳ ಮುಖದ ಎದುರಿಗೇ ಅವನ ಕಾಲು ಇತ್ತು. ನೂಲು ಹಾಯಿಸುವ ಲಾಳಿಯ ತುದಿಗೆ ಕಬ್ಬಿಣದ ಮೊನೆ ಇರುತ್ತದೆ. ಅದನ್ನು ಅವನ ಮೀನಖಂಡಕ್ಕೆ ಚುಚ್ಚಿ, ಕಿತ್ತು, ಮತ್ತೆ ಚುಚ್ಚಿದ್ದಳು.

ಅವನು ಬಿದ್ದ. ನಾನು ಹೊಡೆದೆ. ಬೆನ್ನಿಗೆ, ಭುಜಕ್ಕೆ, ನನ್ನ ಮಣಿಕಟ್ಟು ಮುರಿದ ಆ ಕೈಗೆ. ಕೋಲು ಮುರಿಯಿತು, ಉಳಿದ ತುಂಡಿನಿಂದ ಹೊಡೆದೆ. ನಿಲ್ಲಿಸಬೇಕು ಅನ್ನಿಸಲೇ ಇಲ್ಲ.

ನಮ್ಮ ಓಣಿಯಲ್ಲಿ ಮಗ್ಗದ ಸದ್ದಿಗೆ ಯಾರೂ ಕಿವಿ ಕೊಡುವುದಿಲ್ಲ, ಮಗ್ಗ ನಿಂತರೆ ಕೊಡುತ್ತಾರೆ. ಪಕ್ಕದ ಮನೆಯ ಮುದುಕಿ ತನ್ನ ಇಬ್ಬರು ಮಕ್ಕಳೊಂದಿಗೆ ಬಂದಳು.

"ಸಾಕವ್ವ. ಸತ್ತಗಿತ್ತಾನು, ಆಮ್ಯಾಲ ಹೆಣ ಹೊರಾಕ ನನ್ನ ಮಕ್ಕಳ ಬೇಕಾಗ್ತಾರ."

"ಹೊರೂದು ಬ್ಯಾಡ. ಅವನ ಕೈ ಹಿಡಿಯಾಕ ಹೇಳು" ಎಂದೆ.

ಫಾರ್ಮ್ ನನ್ನ ಎಲೆಅಡಿಕೆ ಚೀಲದಲ್ಲೇ ಇತ್ತು. ಮುದುಕಿಯ ಮಕ್ಕಳು ಅವನನ್ನು ಹಿತ್ತಲಿಗೆ ಎಳೆದು ತಂದರು. ನಾನು ಅವನ ಹೆಬ್ಬೆರಳು ಹಿಡಿದು ಬಣ್ಣದಲ್ಲಿ ಅದ್ದಿದೆ. ಬಣ್ಣ ಇನ್ನೂ ಕುದಿಯುತ್ತಿತ್ತು. ಆರಲಿ ಎಂದು ಕಾಯಲಿಲ್ಲ. ಅವನು ಎತ್ತಿನ ಹಾಗೆ ಒದರಿದ. ಕಾಗದದ ಮೇಲೆ ಒತ್ತಿದೆ. ಚೆನ್ನಾಗಿ ಮೂಡಿತು. ಮುದುಕಿಯ ಮಕ್ಕಳು ಅವನನ್ನು ಲಕ್ಷ್ಮೇಶ್ವರದ ಬಸ್ಸಿಗೆ ಹತ್ತಿಸಿ ಬಂದರು. ಮತ್ತೆ ಅವನು ಈ ಕಡೆ ಬರಲಿಲ್ಲ.

ಸೀರೆ ಬದಲಿಸದೆ ನಾನು ಕೇಂದ್ರಕ್ಕೆ ನಡೆದೆ. ಕಾಗದ ಮೇಜಿನ ಮೇಲೆ ಇಟ್ಟೆ. ಕೇಂದ್ರದವನು ಬೆರಳಲ್ಲಿ ಮುಟ್ಟಿ ಕೈ ಹಿಂದೆಗೆದ.

"ಇದು ರಕ್ತ ಏನ್ರೀ ಬಾಯಾರ?"

"ನೂಲಿನ ಬಣ್ಣ. ರಕ್ತ ಸೀರಿ ಮ್ಯಾಲೈತಿ, ನೋಡು."

ಅವನು ಫೋಟೋ ತೆಗೆದುಕೊಟ್ಟ. ದುಡ್ಡು ಮಾತ್ರ ಮುಂದಿನ ತಿಂಗಳು ಎಂದ. ಅವನ ಕೆನ್ನೆಗೆ ಬಾರಿಸಿದೆ. ಬಾಯೊಳಗಿನ ಅಡಿಕೆ ಹೊರಗೆ ಬಿತ್ತು. "ಇದು ಕಾರ್ಡ್ ಬರದಿದ್ದಕ್ಕ" ಎಂದು ಇನ್ನೊಂದಕ್ಕೆ ಕೈ ಎತ್ತಿದೆ. ಐವತ್ತೊಂದೂ ಬಂತು.

ವೀಳ್ಯದ ದಿನ ಹುಡುಗನ ತಾಯಿಯ ಕೈಗೆ ಫೋಟೋ ಕೊಟ್ಟೆ. ಫೋಟೋದಲ್ಲಿ ಮಗಳ ಕುತ್ತಿಗೆಯ ಮೇಲೆ ಕೇಂದ್ರದ ದುಂಡನೆಯ ಮೊಹರು ಬಿದ್ದಿತ್ತು. ಬೀಗಿತ್ತಿ ಫೋಟೋವನ್ನು ಹಿಂದೆಮುಂದೆ ನೋಡಿ ಒಲೆಗೆ ಹಾಕಿದಳು. ಆಮೇಲೆ ಮಗಳ ಸೆರಗು ಸರಿಸಿದಳು. ನೆತ್ತಿಯಲ್ಲಿ ಕೂದಲು ಕಿತ್ತುಹೋದ ಜಾಗ ಹಸಿಯಾಗಿತ್ತು.

"ಇದೇನಾತವ್ವ?"

"ಮಗ್ಗಕ್ಕ ಸಿಕ್ಕಿತ್ರಿ ಅತ್ತಿ."

ಅವಳೂ ನಲವತ್ತು ವರ್ಷ ನೇಯ್ದವಳು. ನೆತ್ತಿಯ ಕೂದಲು ಮಗ್ಗಕ್ಕೆ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನನ್ನ ಕುತ್ತಿಗೆಯ ಮೇಲಿನ ಬೆರಳಿನ ಗುರುತು ನೋಡಿದಳು. ಸೆರಗನ್ನು ತಾನೇ ಮತ್ತೆ ಎಳೆದು ಆ ಜಾಗ ಮುಚ್ಚಿ, ಮಗಳ ಕೈಗೆ ವೀಳ್ಯ ಇಟ್ಟಳು.

ಮರುದಿನ ಆ ಐವತ್ತೊಂದರಲ್ಲಿ ಬಣ್ಣ ತಿರುವಲು ಹೊಸ ಕೋಲು ಕೊಂಡೆ, ಹಳೆಯದಕ್ಕಿಂತ ದಪ್ಪನೆಯದು.